ಆ್ಯಪ್ ಹೇಳುವ ಗಾಳಿ, ನೀರಿನ ಮೇಲೆ ಬೀಸುವ ಗಾಳಿ

ಪ್ಯಾಡಲ್‌ಬೋರ್ಡ್ (ನಿಂತು ಹುಟ್ಟು ಹಾಕುವ ಹಲಗೆ), ಕಯಾಕ್, ಹಾಯಿದೋಣಿ, ವಿಂಡ್‌ಸರ್ಫಿಂಗ್, ಕೈಟ್‌ಸರ್ಫಿಂಗ್, ಹೀಗೆ ಯಾವ ಜಲಕ್ರೀಡೆಗೆ ಇಳಿಯುವವರಾದರೂ ಈಗ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ತೆರೆದು ಗಾಳಿಯ ವೇಗ ನೋಡುತ್ತಾರೆ. ನೋಡುವುದು ಒಳ್ಳೆಯದೇ. ಆದರೆ ದಡದಲ್ಲಿ ನಿಂತು ನಾನು ಕಂಡ ಎಡವಟ್ಟುಗಳ ಪೈಕಿ ಹೆಚ್ಚಿನವು ಮುನ್ಸೂಚನೆಯನ್ನು ನೋಡಿಯೇ ನೀರಿಗಿಳಿದವರಿಗೆ ಆದವು. ಪರದೆಯ ಮೇಲಿನ ಸಂಖ್ಯೆ ವಿಶಾಲ ಪ್ರದೇಶವೊಂದಕ್ಕೆ ಲೆಕ್ಕ ಹಾಕಿದ ಸರಾಸರಿ ಎಂಬುದನ್ನಾಗಲಿ, ಅದನ್ನು ತಾವು ಇಳಿಯುವ ಒಂದೆರಡು ಕಿಲೋಮೀಟರ್ ನೀರಿಗೆ ತಾವೇ ಹೊಂದಿಸಿಕೊಳ್ಳಬೇಕು ಎಂಬುದನ್ನಾಗಲಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ಹೊಂದಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹೆಜ್ಜೆ 1: ಅಳತೆಮಾನವನ್ನೂ ದಿಕ್ಕನ್ನೂ ಸರಿಪಡಿಸಿಕೊಳ್ಳಿ

ನೀರಿನ ಮೇಲೆ ಗಾಳಿಯನ್ನು ಅಳೆಯುವುದು ನಾಟ್‌ನಲ್ಲಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಸೆಕೆಂಡಿಗೆ 10 ಮೀಟರ್ ಎಂದು ಬರೆದಿರುವುದನ್ನು 10 ನಾಟ್ ಎಂದು ಓದಿಕೊಂಡವರು 19 ನಾಟ್ ಗಾಳಿಗೆ ತಲೆಯೊಡ್ಡುತ್ತಾರೆ. ಗಾಳಿಗೆ ಹೆಸರು ಬರುವುದು ಅದು ಹೊರಟು ಬರುವ ದಿಕ್ಕಿನಿಂದ. 270 ಡಿಗ್ರಿ ಎಂದರೆ ಪಡುವಣದಿಂದ ಬೀಸುವ ಗಾಳಿ. ಆದರೆ ಅನೇಕ ಆ್ಯಪ್‌ಗಳ ಬಾಣದ ಗುರುತು ಗಾಳಿ ಹೋಗುವ ಕಡೆಗೆ ಮುಖ ಮಾಡಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ಸರಿಮಾಡಿಟ್ಟರೆ ಈ ಹೆಜ್ಜೆ ಮುಗಿಯಿತು.

ಹೆಜ್ಜೆ 2: ಆ್ಯಪ್‌ನ ಹಿಂದಿರುವ ಮಾದರಿ ಯಾವುದೆಂದು ನೋಡಿ

ಆ್ಯಪ್‌ಗಳು ಗಾಳಿಯನ್ನು ತಾವಾಗಿ ಲೆಕ್ಕ ಹಾಕುವುದು ಅಪರೂಪ. ದೊಡ್ಡ ಹವಾಮಾನ ಕೇಂದ್ರಗಳ ಗಣಕ ಮಾದರಿಗಳ ಫಲಿತಾಂಶವನ್ನೇ ಅವು ಬಣ್ಣ ಹಚ್ಚಿ ತೋರಿಸುತ್ತವೆ. ಅಮೆರಿಕದ ಜಿಎಫ್‌ಎಸ್ ಮಾದರಿ ಇಡೀ ಭೂಮಿಯನ್ನು ಸುಮಾರು 13 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿದರೆ, ಯುರೋಪಿನ ಇಸಿಎಂಡಬ್ಲ್ಯುಎಫ್ ಕೇಂದ್ರದ ಮಾದರಿ ಸುಮಾರು 9 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸುತ್ತದೆ. ನಿಮ್ಮ ಕೊಲ್ಲಿ, ಅದರ ಹಿಂದಿನ ಗುಡ್ಡ, ಆಚೆಗಿನ ಬಯಲು ಎಲ್ಲವೂ ಒಂದೇ ಚೌಕದೊಳಗೆ ಕರಗಿಹೋಗಿರಬಹುದು. ಎರಡು ಆ್ಯಪ್‌ಗಳು ಒಂದೇ ಸಂಖ್ಯೆ ತೋರಿಸಿದವೆಂದು ಸಮಾಧಾನಪಡುವ ಮೊದಲು ಅವೆರಡೂ ಒಂದೇ ಮಾದರಿಯನ್ನು ಬಳಸುತ್ತಿವೆಯೇ ಎಂದು ನೋಡಿಕೊಳ್ಳಿ. ಬಳಸುತ್ತಿದ್ದರೆ ನೀವು ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕೇಳಿದ್ದೀರಿ, ಅಷ್ಟೇ. ಬೇರೆ ಬೇರೆ ಮಾದರಿಗಳು ಒಂದೇ ಮಾತು ಹೇಳಿದರೆ ಆ ದಿನದ ಮುನ್ಸೂಚನೆಗೆ ತೂಕವಿದೆ. ಒಂದು 8 ನಾಟ್, ಇನ್ನೊಂದು 18 ನಾಟ್ ಎಂದರೆ ಯಾವುದನ್ನೂ ನೆಚ್ಚಬೇಡಿ.

ಸರಾಸರಿ ವೇಗದ ಸಾಲಿನ ಕೆಳಗೆ ಬಿರುಬೀಸಿನ, ಅಂದರೆ ಕೆಲವು ಕ್ಷಣ ಒಮ್ಮೆಗೇ ಜೋರಾಗುವ ಗಾಳಿಯ (ಗಸ್ಟ್) ಸಾಲು ಇರುತ್ತದೆ. ನಾನು ಮೊದಲು ನೋಡುವುದು ಅದನ್ನೇ. ಹಾಯಿಯ ಮೇಲೆ ಗಾಳಿ ಹಾಕುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12 ನಾಟ್ ಗಾಳಿ ಒಮ್ಮೆಗೇ 18 ಆದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಒತ್ತಡ ಎರಡೂಕಾಲು ಪಟ್ಟು. ಸರಾಸರಿಗೂ ಬಿರುಬೀಸಿಗೂ ಸರಾಸರಿಯ ಅರ್ಧದಷ್ಟು ಅಂತರವಿರುವ ದಿನ ಹೊಸಬರು ದಡದಲ್ಲೇ ಇರುವುದು ಲೇಸು.

ಹರಿಯುವ ಗೆರೆಗಳ ಬಣ್ಣದ ನಕ್ಷೆಗಳ ಬಗ್ಗೆ ಇಲ್ಲೊಂದು ಮಾತು. ಎರಡು ಬೆರಳಿನಿಂದ ಹಿಗ್ಗಿಸಿದಾಗ ಅವು ನಿಮ್ಮ ಕೆರೆಯ ಮೂಲೆಮೂಲೆಯ ಗಾಳಿಯನ್ನೂ ತೋರಿಸುವಂತೆ ಕಾಣುತ್ತವೆ, ಆದರೆ ಆ ನುಣುಪು ಎರಡು ದೂರದ ಬಿಂದುಗಳ ನಡುವೆ ಆ್ಯಪ್ ಎಳೆದ ಗೆರೆಯೇ ಹೊರತು ಹೊಸ ಮಾಹಿತಿಯಲ್ಲ. ಗಾಳಿಗೆ ನಕ್ಷತ್ರಗಳ ಅಂಕ ಕೊಡುವ ಆ್ಯಪ್‌ಗಳನ್ನಂತೂ ನಾನು ಮೊಬೈಲಿನಿಂದಲೇ ತೆಗೆದುಹಾಕಿದ್ದೇನೆ. ನುರಿತ ಕೈಟ್‌ಸರ್ಫರ್‌ಗೆ ಐದು ನಕ್ಷತ್ರದ ಗಾಳಿ ಪ್ಯಾಡಲ್‌ಬೋರ್ಡಿನವನನ್ನು ದಿಗಂತದ ಕಡೆಗೆ ತಳ್ಳುವ ಗಾಳಿಯೂ ಆಗಿರುತ್ತದೆ.

ಹೆಜ್ಜೆ 3: ಸಂಖ್ಯೆಯನ್ನು ನಿಮ್ಮ ನೀರಿಗೆ ಇಳಿಸಿಕೊಳ್ಳಿ

ಜನ ಎಡವುವುದು ಇಲ್ಲಿ. ಆದ್ದರಿಂದ ಇದನ್ನು ಸಾವಧಾನವಾಗಿ ಓದಬೇಕು.

ದಡಕ್ಕೆ ಹೋಲಿಸಿದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಮೊದಲ ಪ್ರಶ್ನೆ. ನೀರಿನಿಂದ ನೆಲಕ್ಕೆ ಬೀಸುವ ಗಾಳಿ ಅಲೆಯೆಬ್ಬಿಸಿ ಹೆದರಿಸುತ್ತದೆ, ಆದರೆ ಸೋತವನನ್ನು ದಡಕ್ಕೇ ತಂದು ಹಾಕುತ್ತದೆ. ನೆಲದಿಂದ ನೀರಿಗೆ ಬೀಸುವ ಗಾಳಿ ಹೆದರಿಸುವುದಿಲ್ಲ. ಅಲೆ ಏಳಬೇಕಾದರೆ ಗಾಳಿಗೆ ತೆರೆದ ನೀರಿನ ಮೇಲೆ ಓಡಲು ಜಾಗ ಬೇಕು; ದಡದಂಚಿನಲ್ಲಿ ಆ ಜಾಗವಿಲ್ಲದ ಕಾರಣ ನೀರು ಎಣ್ಣೆ ಸವರಿದಂತೆ ನುಣ್ಣಗಿರುತ್ತದೆ. ದೂರದ ಅಲೆಗಳ ಬೆನ್ನಷ್ಟೇ ನಮಗೆ ಕಾಣುವುದರಿಂದ ಅವುಗಳ ಮುಂಭಾಗದ ನೊರೆಯೂ ಕಣ್ಣಿಗೆ ಬೀಳುವುದಿಲ್ಲ. ಅಂಥ ಒಂದು ಬೆಳಿಗ್ಗೆ ಗಟ್ಟಿ ಈಜುಗಾರರೊಬ್ಬರು ಪ್ಯಾಡಲ್‌ಬೋರ್ಡ್ ಮೇಲೆ ಹೊರಟದ್ದನ್ನು ನಾನು ನೋಡುತ್ತಿದ್ದೆ. ಇನ್ನೂರು ಮೀಟರ್ ತನಕ ಹುಟ್ಟನ್ನು ನೀರಿಗೆ ತಾಗಿಸಿದ್ದೇ ಸಾಕಾಯಿತು, ಬೋರ್ಡು ತಾನಾಗಿ ಜಾರುತ್ತಿತ್ತು. ತಿರುಗಿ ನಿಂತಾಗ ಅವರ ಮೈಯೇ ಹಾಯಿಯಾಯಿತು. ಮೊದಲು ಮಂಡಿಯೂರಿದರು, ಆಮೇಲೆ ಬೋರಲಾಗಿ ಮಲಗಿ ಕೈಯಿಂದ ನೀರನ್ನು ಹಿಂದಕ್ಕೆ ತಳ್ಳತೊಡಗಿದರು; ಹತ್ತು ನಿಮಿಷದಲ್ಲಿ ದಡ ಒಂದಿಷ್ಟೂ ಹತ್ತಿರವಾಗಲಿಲ್ಲ. ಬೋರ್ಡನ್ನು ಬಿಟ್ಟು ಈಜಲು ಹೋಗದೆ ಅದನ್ನೇ ತಬ್ಬಿಕೊಂಡಿದ್ದರಿಂದ ದೋಣಿಯವರು ಹೋಗಿ ಕರೆತರಲು ಸಾಧ್ಯವಾಯಿತು. ಆ ದಿನದ ಮುನ್ಸೂಚನೆ 11 ನಾಟ್ ಎಂದಿತ್ತು, ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಸಂಖ್ಯೆಯನ್ನು ಓದಿದ್ದ ಅವರು ದಿಕ್ಕನ್ನು ಓದಿರಲಿಲ್ಲ.

ಎರಡನೆಯದು ಕಡಲಗಾಳಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಕಡಲ ಮೇಲಿನ ತಂಪು ಗಾಳಿ ಒಳನುಗ್ಗುತ್ತದೆ. ತಿಳಿ ಆಕಾಶದ ದಿನ ಮಧ್ಯಾಹ್ನಕ್ಕೆ ಮೊದಲು ಶುರುವಾಗಿ, ಇಳಿಹೊತ್ತಿನ ಮೊದಲ ಭಾಗದಲ್ಲಿ ಜೋರಾಗಿ, ಸೂರ್ಯ ಮುಳುಗುವ ಹೊತ್ತಿಗೆ ಅದು ಸತ್ತುಹೋಗುವುದು ವಾಡಿಕೆ. ಕರಾವಳಿಯ ಒಂದೇ ಚೌಕದಲ್ಲಿ ನೆಲವನ್ನೂ ನೀರನ್ನೂ ಬೆರೆಸಿ ನೋಡುವ ದೊಡ್ಡ ಮಾದರಿಗಳು ಇದನ್ನು ಎಷ್ಟೋ ಸಲ ಕಡಿಮೆ ಅಂದಾಜು ಮಾಡುತ್ತವೆ. ಹಾಗಾಗಿ ಮುನ್ಸೂಚನೆ 7 ನಾಟ್ ಎಂದಿದ್ದರೂ, ಬೆಳಿಗ್ಗೆ ಗಾಳಿ ಮಂದವಾಗಿದ್ದು, ಹತ್ತು ಗಂಟೆಯ ಹೊತ್ತಿಗೆ ನೆಲದ ಮೇಲೆ ಹತ್ತಿಯುಂಡೆಯಂಥ ಮೋಡಗಳ ಸಾಲು ಎದ್ದು ಕಡಲ ಮೇಲಿನ ಆಕಾಶ ಖಾಲಿಯಿದ್ದರೆ, ನಾನು ಆ ಸಂಖ್ಯೆಗೆ ಇನ್ನೊಂದಿಷ್ಟು ಸೇರಿಸಿಕೊಳ್ಳುತ್ತೇನೆ. ಉತ್ತರ ಗೋಳಾರ್ಧದಲ್ಲಿ ಈ ಗಾಳಿ ದಿನವೇರಿದಂತೆ ಬಲಕ್ಕೆ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹೊರಳುತ್ತದೆ; ದಕ್ಷಿಣದಲ್ಲಿ ಎಡಕ್ಕೆ. ಮೊದಲೇ ನೆಲದಿಂದ ಬಲವಾದ ಗಾಳಿ ಬೀಸುತ್ತಿದ್ದರೆ, ಅಥವಾ ದಟ್ಟ ಮೋಡ ಮುಚ್ಚಿದ್ದರೆ ಕಡಲಗಾಳಿಗೆ ಕಾಯುವುದು ವ್ಯರ್ಥ. ರಾತ್ರಿ ಎಲ್ಲವೂ ತಿರುವುಮುರುವಾಗಿ ನೆಲಗಾಳಿ ನೀರಿನತ್ತ ಹೊರಡುತ್ತದೆ. ನಸುಕಿನಲ್ಲಿ ಇಳಿಯುವವರಿಗೆ ಎದುರಾಗುವ ನುಣ್ಣನೆಯ ನೀರಿನ ಹಿಂದೆ ಅನೇಕ ಸಲ ಇರುವುದು ಇದೇ ಗಾಳಿ.

ಮೂರನೆಯದು ಮರೆ. ಮರಗಳ ಸಾಲಾಗಲಿ, ಗುಡ್ಡವಾಗಲಿ, ಕಟ್ಟಡವಾಗಲಿ ಗಾಳಿಯನ್ನು ತಡೆದರೆ ಅದರ ನೆರಳು ಎತ್ತರದ ಹತ್ತರಿಂದ ಇಪ್ಪತ್ತು ಪಟ್ಟು ದೂರ ಚಾಚುತ್ತದೆ. ಹದಿನೈದು ಮೀಟರ್ ಎತ್ತರದ ಮರಗಳಿದ್ದರೆ ನೀರಿನ ಮೇಲೆ 150ರಿಂದ 300 ಮೀಟರ್ ತನಕ ಗಾಳಿ ಹರಿದು ಚಿಂದಿಯಾಗಿರುತ್ತದೆ. ಆ ಮರೆಯ ಅಂಚು ದಾಟಿದ ಕ್ಷಣ ಪೂರ್ತಿ ಗಾಳಿ ಒಮ್ಮೆಗೇ ಬಡಿಯುತ್ತದೆ. ಹಿನ್ನೀರು, ಕೆರೆಗಳಲ್ಲಿ ಹೊಸಬರ ಹಾಯಿದೋಣಿ ಮಗುಚುವ ಜಾಗ ಬಹಳ ಮಟ್ಟಿಗೆ ಇದೇ. ಎರಡು ಗುಡ್ಡಗಳ ನಡುವಿನ ಕಿಂಡಿ ಇದಕ್ಕೆ ವಿರುದ್ಧ: ಅಲ್ಲಿ ಗಾಳಿ ಇರುಕಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತದೆ. ನಿಮ್ಮ ನೀರಿನ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು, ಪ್ರತಿ ದಿಕ್ಕಿನ ಗಾಳಿಗೂ ಮರೆ ಎಲ್ಲಿ, ಕಿಂಡಿ ಎಲ್ಲಿ ಎಂದು ಗುರುತು ಹಾಕಿ. ಒಂದು ಸಂಜೆಯ ಕೆಲಸ. ಹಣ ಕೊಟ್ಟು ಕೊಳ್ಳುವ ಯಾವ ಆ್ಯಪ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಯದು ಗುಡುಗಿನ ಮೋಡ. ಅದರೊಳಗಿಂದ ಸುರಿಯುವ ತಂಪು ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಮಳೆಗಿಂತ ಹಲವು ಕಿಲೋಮೀಟರ್ ಮುಂದಾಗಿಯೇ ಬರಬಲ್ಲದು. ಇದ್ದ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಗಿ, ಮೋಡದ ಕಡೆಯಿಂದ ಕೆನ್ನೆಗೆ ತಣ್ಣನೆಯ ಎಳೆಯೊಂದು ತಾಗಿದರೆ ಉಳಿದಿರುವುದು ಕೆಲವೇ ನಿಮಿಷ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಲುಪುವಷ್ಟು ಹತ್ತಿರದಲ್ಲೇ ಇದ್ದೀರಿ. ನೀರು ಬಿಟ್ಟು ಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಮತ್ತೆ ಇಳಿಯಬೇಡಿ.

ಹೆಜ್ಜೆ 4: ಇಪ್ಪತ್ತು ನಿಮಿಷ ನೀರನ್ನು ನೋಡಿ

ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಗಾಳಿಗೆ ಅಂಕ ಕೊಡುವ ಕ್ರಮವನ್ನು ರೂಪಿಸಿದಾಗ ಅವನ ಬಳಿ ಗಾಳಿಮಾಪಕವಿರಲಿಲ್ಲ. ಹಡಗು ಎಷ್ಟು ಹಾಯಿ ತಾಳುತ್ತದೆ ಎಂಬುದೇ ಅಳತೆಗೋಲಾಗಿತ್ತು. ಆ ಕ್ರಮವನ್ನು ಮುಂದೆ ಸಮುದ್ರದ ತೋರಿಕೆಗೂ ಹೊಂದಿಸಲಾಯಿತು. ತೆರೆದ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ 7ರಿಂದ 10 ನಾಟ್, ಆಗಾಗ ಕಂಡರೆ 11ರಿಂದ 16, ಎಲ್ಲೆಡೆ ನೊರೆಯೆದ್ದು ಹನಿ ಸಿಡಿಯತೊಡಗಿದರೆ 17ರಿಂದ 21. ಬಿರುಬೀಸು ನೀರಿನ ಮೇಲೆ ಕಪ್ಪು ತೇಪೆಯಂತೆ ಸರಿದು ಬರುವುದನ್ನು ಗಮನಿಸಿ, ಎರಡು ತೇಪೆಗಳ ನಡುವಿನ ಸಮಯವನ್ನು ಎಣಿಸಿ. ಐದು ನಿಮಿಷ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಐದು ನಿಮಿಷದಲ್ಲಿ ಗಾಳಿ ಹೇಗಿದೆ ಎಂದಷ್ಟೇ ತಿಳಿಯುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲ.

ಕೈಯಲ್ಲಿ ಹಿಡಿಯುವ ಗಾಳಿಮಾಪಕವನ್ನು ಕೊಳ್ಳುವುದಾದರೆ ಅಗ್ಗದ್ದು ಬೇಡ. ನಾನು ಕೊಂಡ ಮೊದಲನೆಯದರ ತಿರುಗಣೆ ಉಪ್ಪು ಹಿಡಿದು ಬಿಗಿಯಾಗಿ, ಹದಿನೈದು ನಾಟ್ ಗಾಳಿಯನ್ನು ಒಂಬತ್ತು ಎಂದು ತೋರಿಸುತ್ತಿತ್ತು. ಒಳ್ಳೆಯದನ್ನು ಕೊಂಡರೂ ಅದನ್ನು ಗೋಡೆಯ ಮರೆಯಲ್ಲಿ ಹಿಡಿದು ಅಳೆದರೆ ಫಲವಿಲ್ಲ. ಮುನ್ಸೂಚನೆಯ ಗಾಳಿ 10 ಮೀಟರ್ ಎತ್ತರದ್ದು. ಎದೆಮಟ್ಟದಲ್ಲಿ ಅಳೆದಾಗ ಅದಕ್ಕಿಂತ ಕಡಿಮೆ ಬರುವುದು ಸಹಜ, ಅದನ್ನು ಮಾದರಿಯ ತಪ್ಪೆಂದು ತಿಳಿಯಬಾರದು.

ಹೆಜ್ಜೆ 5: ಕಂಡದ್ದನ್ನು ಹಂಚಿಕೊಳ್ಳಿ

ಗಾಳಿಯ ಮುನ್ಸೂಚನೆ ಮೊದಲಿನಿಂದಲೂ ಹಂಚಿಕೆಯ ಕೆಲಸ. 1853ರಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಬ್ರಸೆಲ್ಸ್‌ನಲ್ಲಿ ಸೇರಿ, ಹಡಗುಗಳು ತಾವು ಕಂಡ ಗಾಳಿ, ಹವೆಗಳನ್ನು ಒಂದೇ ಕ್ರಮದಲ್ಲಿ ದಾಖಲಿಸಬೇಕೆಂದು ಒಪ್ಪಿಕೊಂಡರು. 1859ರಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು ನೂರಾರು ಜನ ಸತ್ತ ಮೇಲೆ ಬ್ರಿಟನ್ನಿನ ಹವಾಮಾನ ಇಲಾಖೆಯ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್ ಕರಾವಳಿಯ ಹಲವು ಊರುಗಳಿಂದ ತಂತಿಯ ಮೂಲಕ ವರದಿ ತರಿಸಿ, 1861ರಿಂದ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳುಹಿಸತೊಡಗಿದ. ಒಂದು ಬಂದರಿನವರು ಕಂಡದ್ದು ಮುಂದಿನ ಬಂದರಿನವರ ಮುನ್ಸೂಚನೆಯಾಗುತ್ತಿತ್ತು. ನಮ್ಮ ವಾಟ್ಸ್ಆ್ಯಪ್ ಗುಂಪುಗಳು ಮಾಡಬೇಕಾದದ್ದೂ ಅದನ್ನೇ, ಆದರೆ ಅಲ್ಲಿ ಬರುವುದು “ಸೂಪರ್ ಗಾಳಿ, ಬೇಗ ಬನ್ನಿ” ಎಂಬ ಸಾಲು. ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸ್ಥಳ, ಗಂಟೆ, ದಿಕ್ಕು, ಸರಾಸರಿ, ಬಿರುಬೀಸು, ನೀವು ಹಿಡಿದಿದ್ದ ಹಾಯಿಯ ಅಳತೆ, ಇಷ್ಟನ್ನು ಬರೆಯಿರಿ. ಅಳೆದದ್ದಾದರೆ ಅಳೆದದ್ದೆಂದು, ಅಂದಾಜಾದರೆ ಅಂದಾಜೆಂದು ಹೇಳಿ. ಗಾಳಿ ಬದಲಾದರೆ ಇನ್ನೊಂದು ಸಾಲು ಹಾಕಿ. ಹತ್ತು ಗಂಟೆಯ ನಿಮ್ಮ ಸಂದೇಶವನ್ನು ನಂಬಿ ಹೊರಟವರು ಮಧ್ಯಾಹ್ನ ಒಂದು ಗಂಟೆಗೆ ತಲುಪುತ್ತಾರೆ ಎಂಬುದು ನೆನಪಿರಲಿ.

ಇನ್ನೊಂದು ಸಂದೇಶವನ್ನು ನಾವು ಬರೆಯದೆಯೇ ಕಳುಹಿಸುತ್ತೇವೆ. ದಡದಲ್ಲಿ ಹತ್ತು ಜನ ಅನುಮಾನಿಸುತ್ತ ನಿಂತಿರುವಾಗ ಅನುಭವಸ್ಥನೊಬ್ಬ ಇಳಿದರೆ, ಉಳಿದವರ ಪಾಲಿಗೆ ಅವನೇ ಮುನ್ಸೂಚನೆ. ಅವನು ಚಿಕ್ಕ ಹಾಯಿ ಹಿಡಿದಿದ್ದಾನೆ, ಮಗುಚಿದರೆ ಅರ್ಧ ನಿಮಿಷದಲ್ಲಿ ಎದ್ದು ನಿಲ್ಲಬಲ್ಲ ಎಂಬುದನ್ನು ಹೊಸಬ ಗಮನಿಸುವುದಿಲ್ಲ. ಆದ್ದರಿಂದ ಇಳಿಯುವ ಮೊದಲು “ಇದು ನನಗೆ ಸರಿ, ನಿಮಗೆ ಇವತ್ತು ಬೇಡ” ಎಂದು ಬಾಯಿಬಿಟ್ಟು ಹೇಳುವುದು ಅನುಭವಸ್ಥನ ಕೆಲಸ. ಹೊಸಬನ ಕೆಲಸ ಸ್ವತಃ ನೀರನ್ನು ನೋಡಿ ಪ್ರಶ್ನೆ ಕೇಳುವುದು. ಎಲ್ಲರೂ ಬೇರೆ ಯಾರೋ ನೋಡಿರುತ್ತಾರೆ ಎಂದುಕೊಂಡರೆ ಯಾರೂ ನೋಡಿರುವುದಿಲ್ಲ. ಯಾವ ಬಿರುಬೀಸಿಗೆ ವಾಪಸಾಗಬೇಕು, ಎಷ್ಟು ಗಂಟೆಗೆ ಎಲ್ಲರೂ ದಡದಲ್ಲಿರಬೇಕು, ದಡದಲ್ಲಿ ಉಳಿದು ತಲೆ ಎಣಿಸುವವರು ಯಾರು, ಈ ಮೂರನ್ನು ನೀರಿಗಿಳಿಯುವ ಮುಂಚೆಯೇ ತೀರ್ಮಾನಿಸಿ. ಬೇಡ ಎಂದವರಿಂದ ಕಾರಣ ಕೇಳಬೇಡಿ.

ಹೆಜ್ಜೆ 6: ಬಂದ ಮೇಲೆ ಬರೆದಿಡಿ

ಸಣ್ಣದೊಂದು ಪುಸ್ತಕ ಸಾಕು. ಎಡಗಡೆ ಆ್ಯಪ್ ಹೇಳಿದ್ದು, ಬಲಗಡೆ ನೀವು ಕಂಡದ್ದು, ಕೆಳಗೆ ಮೋಡ ಹೇಗಿತ್ತೆಂದು ಒಂದು ಸಾಲು. ಬಟ್ಟೆ ಬದಲಿಸುವ ಮೊದಲೇ ಬರೆಯಿರಿ. ಮನೆಗೆ ಹೋಗಿ ಬರೆದರೆ 14 ನಾಟ್ ಇದ್ದದ್ದು 20 ಆಗಿರುತ್ತದೆ. ಮೂವತ್ತು ನಲವತ್ತು ದಿನಗಳ ಬರಹ ಸೇರಿದಾಗ ನಿಮ್ಮ ಮಾದರಿ ಯಾವ ದಿಕ್ಕಿನ ಗಾಳಿಯನ್ನು ಹೆಚ್ಚಾಗಿ ಹೇಳುತ್ತದೆ, ಯಾವುದನ್ನು ಕಡಿಮೆ ಹೇಳುತ್ತದೆ ಎಂಬುದು ಕಾಣತೊಡಗುತ್ತದೆ. ನನ್ನ ಪುಸ್ತಕದಲ್ಲಿ ಪಡುವಣ ಗಾಳಿಯ ಪುಟಗಳ ತಲೆಯ ಮೇಲೆಲ್ಲ ಪೆನ್ಸಿಲಿನಲ್ಲಿ “+4” ಎಂದು ಬರೆದಿದೆ; ಆ ಪುಟಗಳ ಫೋಟೋ ತೆಗೆದು ಗುಂಪಿಗೂ ಹಾಕಿದ್ದೇನೆ.