ಊರಿನಿಂದ ಅಮೆರಿಕದ ಒಂಬತ್ತನೇ ತರಗತಿಗೆ: ಹೊರಡುವ ಮೊದಲು, ಸೇರಿದ ಮೇಲೆ

ಮಂಗಳೂರು, ಉಡುಪಿ ಕಡೆ ಮಕ್ಕಳು ಒಂಬತ್ತನೇ ತರಗತಿಗೆ ಬಂದರೆ ಮನೆಯಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಉಂಟಲ್ಲ, ಆಗ ನೋಡುವ ಎನ್ನುತ್ತಾರೆ. ಸೆಕೆಂಡ್ ಪಿಯುಸಿಯ ಅಂಕ, ಸಿಇಟಿ ಅಥವಾ ನೀಟ್ ರ‍್ಯಾಂಕ್ ಬಂದ ಮೇಲೆ ಒಂಬತ್ತರ ಅಂಕಪಟ್ಟಿಯನ್ನು ಕೇಳುವವರೂ ಇಲ್ಲ. ಮಗನನ್ನೋ ಮಗಳನ್ನೋ ಕರೆದುಕೊಂಡು ಅಮೆರಿಕಕ್ಕೆ ಹೊರಡುವವರು ಮೊದಲು ಬಿಡಬೇಕಾದ್ದು ಈ ಲೆಕ್ಕವನ್ನು. ಇಲ್ಲಿ, ಅಮೆರಿಕದಲ್ಲಿ, ಹೈಸ್ಕೂಲ್ ಎಂದರೆ 9ರಿಂದ 12ರ ತನಕ ನಾಲ್ಕು ವರ್ಷ. ಕೊನೆಯಲ್ಲಿ ಎಲ್ಲವನ್ನೂ ತೀರ್ಮಾನಿಸುವ ಬೋರ್ಡ್ ಪರೀಕ್ಷೆ ಇಲ್ಲ. ಕಾಲೇಜಿನವರು ನೋಡುವುದು ನಾಲ್ಕು ವರ್ಷದ ಗ್ರೇಡುಗಳ ಒಟ್ಟು ಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟನ್ನು, ಅದರ ಮೊದಲ ಸಾಲು ಒಂಬತ್ತರ ಮೊದಲ ಸೆಮಿಸ್ಟರ್. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು ಜಿಪಿಎ, ಅಂದರೆ ಸರಾಸರಿ ಗ್ರೇಡಿನ ಲೆಕ್ಕಕ್ಕೆ 10 ಮತ್ತು 11ನೇ ತರಗತಿಯ ಗ್ರೇಡುಗಳನ್ನು ಮಾತ್ರ ಹಿಡಿಯುತ್ತವೆ ಎನ್ನುವುದು ನಿಜ. ಆದರೆ ಅಲ್ಲಿಯೂ ಒಂಬತ್ತರ ವಿಷಯದಲ್ಲಿ ಸಿ ಗ್ರೇಡಿಗಿಂತ ಕಡಿಮೆ ಬಂದರೆ ಆ ವಿಷಯ ಓದಿದ್ದೇ ಲೆಕ್ಕಕ್ಕೆ ಬರುವುದಿಲ್ಲ.

ಹೊರಡುವ ಸಮಯ ನಿಮ್ಮ ಕೈಯಲ್ಲಿದ್ದರೆ, ಎಂಟು ಮುಗಿಸಿ ಏಪ್ರಿಲ್–ಮೇಯಲ್ಲಿ ಹೊರಟು ಆಗಸ್ಟಿನಲ್ಲಿ ಇಲ್ಲಿ ಒಂಬತ್ತಕ್ಕೆ ಸೇರುವುದು ಎಲ್ಲಕ್ಕಿಂತ ಸಲೀಸು. ಒಂಬತ್ತರ ನಡುವೆ, ಡಿಸೆಂಬರ್–ಜನವರಿಯಲ್ಲಿ ಬಂದರೆ ಊರಲ್ಲಿ ಓದಿದ ಅರ್ಧ ವರ್ಷಕ್ಕೆ ಎಷ್ಟು ಕ್ರೆಡಿಟ್ (ಓದಿ ಪಾಸಾದ ವಿಷಯಕ್ಕೆ ಡಿಪ್ಲೊಮಾದ ಲೆಕ್ಕಕ್ಕೆ ಸೇರುವ ಅಂಶ) ಎಂಬ ಚರ್ಚೆ ಶುರುವಾಗುತ್ತದೆ. ಆ ಉತ್ತರ ಪ್ರತಿ ಡಿಸ್ಟ್ರಿಕ್ಟಿನಲ್ಲೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಬೇರೆ.

ಊರಿನಿಂದ ತರಬೇಕಾದ ಕಾಗದ

ಟಿ.ಸಿ. ಮಾತ್ರ ತಂದರೆ ಸಾಲದು. ಟಿ.ಸಿ.ಯಲ್ಲಿ ಯಾವ ತರಗತಿ ಪಾಸು ಎಂದಿರುತ್ತದೆಯೇ ಹೊರತು ಏನು ಓದಿದರು, ಎಷ್ಟು ಬಂತು ಎಂದಿರುವುದಿಲ್ಲ. ಆರು, ಏಳು, ಎಂಟರ ವಾರ್ಷಿಕ ಅಂಕಪಟ್ಟಿ ಬೇಕು; ಒಂಬತ್ತು ಶುರುವಾಗಿದ್ದರೆ ಎಫ್‌ಎ, ಎಸ್‌ಎ ಅಂಕಗಳೂ ಬೇಕು. ಕನ್ನಡ ಮಾಧ್ಯಮದ ಅಂಕಪಟ್ಟಿಯಾದರೆ ಹೆಡ್‌ಮಾಸ್ಟರ ಸಹಿ, ಶಾಲೆಯ ಸೀಲು ಇರುವ ಇಂಗ್ಲಿಷ್ ಪ್ರತಿಯನ್ನು ಊರಿನಲ್ಲಿಯೇ ಮಾಡಿಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಶಾಲೆಯ ಆಫೀಸಿನಲ್ಲಿ ಜನ ಸಿಗುವುದು ಕಷ್ಟ, ಹಾಗಾಗಿ ಮಾರ್ಚಿನಲ್ಲೇ ಹೇಳಿಡಿ.

ಇಲ್ಲಿ ತುಂಬಾ ಮಕ್ಕಳಿಗೆ ಪೆಟ್ಟು ಬೀಳುವುದು ಶೇಕಡಾವಾರು ಅಂಕದಿಂದ. ಅಮೆರಿಕದ ಹೆಚ್ಚಿನ ಶಾಲೆಗಳಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ. ಊರಲ್ಲಿ ಫಸ್ಟ್ ಕ್ಲಾಸ್ ಎನ್ನಿಸಿಕೊಳ್ಳುವ 72ನ್ನು ಇಲ್ಲಿನ ಗುಮಾಸ್ತರು ಯಾಂತ್ರಿಕವಾಗಿ ಸಿ ಎಂದು ಬರೆದುಬಿಡಬಹುದು. ಒಮ್ಮೆ ಟ್ರಾನ್ಸ್‌ಕ್ರಿಪ್ಟಿಗೆ ಹತ್ತಿದ್ದನ್ನು ತೆಗೆಸುವುದು ತಲೆನೋವಿನ ಕೆಲಸ. ಆದ್ದರಿಂದ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಎಷ್ಟು ಅಂಕಕ್ಕೆ ಯಾವ ಶ್ರೇಣಿ, ಪಾಸಿಗೆ ಎಷ್ಟು ಬೇಕು, ಬೋಧನೆಯ ಮಾಧ್ಯಮ ಯಾವುದು ಎಂದು ಒಂದು ಪುಟ ಬರೆಸಿ ಅಂಕಪಟ್ಟಿಯ ಜೊತೆಗೇ ಪಿನ್ ಮಾಡಿ. ಗಣಿತ, ವಿಜ್ಞಾನ ಪಠ್ಯಪುಸ್ತಕಗಳ ಪರಿವಿಡಿಯ ಫೋಟೋ ಕೂಡ ಇಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ಮತ್ತೂ ಗೋಜಲು. ಶಾಲೆಯಲ್ಲಿ ಇನಿಶಿಯಲ್ ಮುಂದೆ, ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಪಾಸ್‌ಪೋರ್ಟಿನಲ್ಲಿ ಶೆಟ್ಟಿ, ಭಟ್, ಪೂಜಾರಿ ಎಂದು ಸೇರಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಮಗುವಿನ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಆಮೇಲೆ ಶಾಲೆಯ ಹಾಜರಿ ಪಟ್ಟಿಯಿಂದ ಹಿಡಿದು ಕಾಲೇಜು ಪ್ರವೇಶದ ಪರೀಕ್ಷೆಯಾದ ಎಸ್‌ಎಟಿ ತನಕ ಅದೇ ಹೆಸರು, ಮಾರಾಯ್ರೆ. ವೀಸಾಕ್ಕೆ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ, ಟಿ.ಸಿ.ಯಲ್ಲಿಯೂ ಪಾಸ್‌ಪೋರ್ಟಿನ ಹೆಸರೇ ಬರುವ ಹಾಗೆ ನೋಡಿಕೊಳ್ಳಿ.

ಲಸಿಕೆ

ಲಸಿಕೆಯ ದಾಖಲೆ ಇಲ್ಲದಿದ್ದರೆ ಶಾಲೆಗೆ ಸೇರಿಸುವುದೇ ತಡವಾಗುತ್ತದೆ. ತಾಯಿ ಕಾರ್ಡನ್ನು ಹಾಗೆಯೇ ತರಬೇಡಿ; ಮಕ್ಕಳ ಡಾಕ್ಟರ ಹತ್ತಿರ ಎಲ್ಲ ಲಸಿಕೆಗಳನ್ನೂ ತಾರೀಕು ಸಮೇತ ಇಂಗ್ಲಿಷಿನಲ್ಲಿ ಬರೆಸಿ. ತಿಂಗಳನ್ನು ಅಂಕಿಯಲ್ಲಿ ಬರೆಸಬೇಡಿ. ನಮ್ಮ 05/08 ಆಗಸ್ಟ್ ಐದು, ಇಲ್ಲಿ ಅದು ಮೇ ಎಂಟು. ಎರಡು ಡೋಸಿನ ನಡುವಿನ ಅಂತರ ತಪ್ಪಾಗಿ ಕಂಡರೆ ಮತ್ತೆ ಚುಚ್ಚಿಸಿಕೊಳ್ಳಿ ಎನ್ನುತ್ತಾರೆ.

ನಮ್ಮ ಮಕ್ಕಳಿಗೆ ಸಾಮಾನ್ಯವಾಗಿ ಬಾಕಿ ಇರುವುದು ಚಿಕನ್ ಪಾಕ್ಸ್ ಲಸಿಕೆ. ಅದು ಸರ್ಕಾರಿ ಲಸಿಕೆ ಪಟ್ಟಿಯಲ್ಲಿಲ್ಲ, ಇಲ್ಲಿಯ ಶಾಲೆಗಳು ಎರಡು ಡೋಸ್ ಕೇಳುತ್ತವೆ. 13 ದಾಟಿದ ಮಕ್ಕಳಿಗೆ ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಕೂಡ ಬಾಕಿ ಇದ್ದರೆ ಎರಡನ್ನೂ ಒಂದೇ ದಿನ ಕೊಡಿಸಬೇಕು, ಇಲ್ಲವೇ 28 ದಿನ ಬಿಡಬೇಕು. ಹಾಗಾಗಿ ಹೊರಡುವ ಎರಡು ತಿಂಗಳ ಮೊದಲೇ ಶುರುಮಾಡಿ. ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಮತ್ತು ಮೆನಿಂಜೈಟಿಸ್ ಲಸಿಕೆಯನ್ನು ಅನೇಕ ರಾಜ್ಯಗಳು ಏಳನೇ ತರಗತಿಯಿಂದಲೇ ಕೇಳುತ್ತವೆ. ಟಿಬಿ ಪರೀಕ್ಷೆ ಮಾಡಿಸಿ ಎಂದರೆ ರಕ್ತದ ಪರೀಕ್ಷೆಯನ್ನೇ ಕೇಳಿ. ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು.

ಸೇರುವ ದಿನ

ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ, ವಶೀಲಿಯೂ ನಡೆಯುವುದಿಲ್ಲ. ಮನೆಯ ವಿಳಾಸವೇ ಶಾಲೆಯನ್ನು ತೀರ್ಮಾನಿಸುತ್ತದೆ. ಬಾಡಿಗೆ ಕರಾರು, ಕರೆಂಟ್ ಅಥವಾ ನೀರಿನ ಬಿಲ್ಲು ತೋರಿಸಬೇಕು. ಆದ್ದರಿಂದ ಬಾಡಿಗೆ ಮನೆ ಹುಡುಕುವ ಮೊದಲು ಆ ವಿಳಾಸಕ್ಕೆ ಯಾವ ಹೈಸ್ಕೂಲ್ ಬರುತ್ತದೆ ಎಂದು ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ನೋಡಿ. ರಸ್ತೆಯ ಆಚೆ ಬದಿ ಬೇರೆ ಶಾಲೆ ಇರುವುದು ಮಾಮೂಲು.

ಅರ್ಜಿಯ ಜೊತೆ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂಬ ಫಾರಂ ಬರುತ್ತದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಏನಿದ್ದರೂ ನಿಜ ಬರೆಯಿರಿ. ಬರೆದ ಮೇಲೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದು ಎಲ್ಪ್ಯಾಕ್, ಬೇರೆ ಅನೇಕ ರಾಜ್ಯಗಳಲ್ಲಿ ವಿಡಾ. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಇದರಲ್ಲಿ ಸಿಕ್ಕಿಬೀಳುವುದು ಮಾತಾಡುವ ಭಾಗದಲ್ಲಿ. ಚಿತ್ರ ತೋರಿಸಿ ವಿವರಿಸು ಎಂದಾಗ ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುತ್ತಾರೆ. ಪರೀಕ್ಷೆಯಲ್ಲಿ ಕಡಿಮೆ ಬಂದರೆ ಇಂಗ್ಲಿಷ್ ಕಲಿಕೆಯ ಪ್ರತ್ಯೇಕ ತರಗತಿ ಸೇರಿಕೊಂಡು, ಆ ಪೀರಿಯಡ್ಡಿನಲ್ಲಿ ತೆಗೆದುಕೊಳ್ಳಬೇಕಾಗಿದ್ದ ಬೇರೊಂದು ವಿಷಯ ತಪ್ಪುತ್ತದೆ. ಪೂರ್ತಿ ವಾಕ್ಯದಲ್ಲಿ, ಕಾರಣ ಕೊಟ್ಟು ಮಾತಾಡುವುದನ್ನು ಮನೆಯಲ್ಲೇ ಒಂದೆರಡು ವಾರ ರೂಢಿ ಮಾಡಿಸಿ.

ಗಣಿತದಲ್ಲಿ ಎಲ್ಲಿ ಕೂರಿಸುತ್ತಾರೆ ಎನ್ನುವುದೇ ದೊಡ್ಡ ವಿಷಯ

ಇಲ್ಲಿ ಗಣಿತವನ್ನು ವರ್ಷಕ್ಕೊಂದು ಭಾಗವಾಗಿ ಕಲಿಸುತ್ತಾರೆ. ಆಲ್ಜೀಬ್ರಾ 1, ಜಾಮಿಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಒಂಬತ್ತರಲ್ಲಿ ಆಲ್ಜೀಬ್ರಾ 1ಕ್ಕೆ ಕೂರಿಸಿದರೆ ಹನ್ನೆರಡಕ್ಕೆ ಪ್ರೀಕ್ಯಾಲ್ಕುಲಸ್ಸಿಗೇ ನಿಲ್ಲುತ್ತದೆ. ಎಂಜಿನಿಯರಿಂಗ್ ಬೇಕೆನ್ನುವ ಮಗುವಿಗೆ ಕ್ಯಾಲ್ಕುಲಸ್ ಇಲ್ಲದಿರುವುದು ಕೊರತೆ. ವಯಸ್ಸು ನೋಡಿ ಆಲ್ಜೀಬ್ರಾ 1 ಎಂದು ಬರೆದರೆ ಅಲ್ಲಿಗೇ ಬಿಡದೆ ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ ಎಂದು ಕೇಳಿ. ಪರಿವಿಡಿಯ ಫೋಟೋ ಬೇಕಾಗುವುದು ಆಗ. ಟೆಕ್ಸಸ್‌ನಲ್ಲಿ ಪಾಠ ಕೇಳದೆಯೇ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ದಾರಿಯೂ ಉಂಟು, ಅದಕ್ಕೆ 80 ಅಂಕ ಬೇಕು.

ಆದರೆ ನಮ್ಮ ಮಕ್ಕಳು ಗಣಿತದಲ್ಲಿ ಮುಂದೆ ಎಂಬ ಧೈರ್ಯದ ಮೇಲೆ ತಯಾರಿಯಿಲ್ಲದೆ ಕಳಿಸಬೇಡಿ. ಎಂಟು ಮುಗಿಸಿದವರಿಗೆ ಅಪವರ್ತನ, ನಿತ್ಯಸಮೀಕರಣ, ಒಂದು ಚರಾಕ್ಷರದ ಸಮೀಕರಣ ಚೆನ್ನಾಗಿಯೇ ಬರುತ್ತದೆ. ಬಾರದ್ದು ಸರಳರೇಖೆಯ ಇಳಿಜಾರು, ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು, ವರ್ಗ ಸಮೀಕರಣ, ಮತ್ತು ಊರಿನ ಪುಸ್ತಕದಲ್ಲಿ ಹನ್ನೊಂದರ ತನಕ ಸರಿಯಾಗಿ ಎದುರಾಗದ ಫಂಕ್ಷನ್. ಇಲ್ಲಿ ಆಲ್ಜೀಬ್ರಾ 1ರ ಬೆನ್ನೆಲುಬೇ ಅದು. ಏಪ್ರಿಲಿನಿಂದ ಜುಲೈ ತನಕ ದಿನಕ್ಕೆ ಒಂದು ಗಂಟೆ ಈ ನಾಲ್ಕನ್ನೇ ಖಾನ್ ಅಕಾಡೆಮಿ ಜಾಲತಾಣದಲ್ಲಿ ಮಾಡಿಸಿದರೆ ಪ್ಲೇಸ್‌ಮೆಂಟ್ ಟೆಸ್ಟಿಗೆ ಧೈರ್ಯವಾಗಿ ಕೂರಬಹುದು. ಜೊತೆಗೆ ಗ್ರಾಫ್ ಬಿಡಿಸುವ ಡೆಸ್ಮೋಸ್ ಆನ್‌ಲೈನ್ ಕ್ಯಾಲ್ಕುಲೇಟರನ್ನು ಮುಟ್ಟಿಸಿ ನೋಡಿ. ಊರಲ್ಲಿ ಕ್ಯಾಲ್ಕುಲೇಟರ್ ಮುಟ್ಟಿದರೆ ಬೈಗುಳ. ಇಲ್ಲಿಯ ಡಿಜಿಟಲ್ ಎಸ್‌ಎಟಿಯ ಒಳಗೇ ಅದನ್ನು ಕೊಟ್ಟಿರುತ್ತಾರೆ.

ಉಳಿದ ವಿಷಯ, ಮತ್ತು ಸೊನ್ನೆ

ಇಂಗ್ಲಿಷ್, ಗಣಿತ, ಬಯಾಲಜಿ, ಇತಿಹಾಸ ಅಥವಾ ಭೂಗೋಳ, ಒಂದು ವಿದೇಶಿ ಭಾಷೆ, ಪಿ.ಇ., ಇಷ್ಟದ ಒಂದು ವಿಷಯ, ಒಂಬತ್ತರ ವೇಳಾಪಟ್ಟಿ ಹೆಚ್ಚುಕಡಿಮೆ ಹೀಗೆ. ಬೇರೆ ಮಕ್ಕಳು ವಿಷಯಗಳನ್ನು ಚಳಿಗಾಲ ಮುಗಿಯುವ ಹೊತ್ತಿಗೇ ಆರಿಸಿಕೊಂಡಿರುತ್ತಾರೆ. ಆಗಸ್ಟಿನಲ್ಲಿ ಬಂದವರಿಗೆ ಸಿಗುವುದು ಉಳಿದದ್ದು. ಮೊದಲ ಒಂದೆರಡು ವಾರ ವಿಷಯ ಬದಲಿಸಲು ಅವಕಾಶ ಇರುತ್ತದೆ, ಅದನ್ನು ಬಿಡಬೇಡಿ. ವಿಷಯ ಆರಿಸಲು ನೆರವಾಗುವ ಶಾಲೆಯ ಕೌನ್ಸಿಲರಿಗೆ ಫೋನಿಗಿಂತ ಇಮೇಲ್ ಒಳ್ಳೆಯದು. ಒಬ್ಬ ಕೌನ್ಸಿಲರಿಗೆ 250 ಮಕ್ಕಳು ಇರಬೇಕೆಂಬುದು ಅವರ ಸಂಘದ ಶಿಫಾರಸು, ನಿಜದಲ್ಲಿ ಅನೇಕ ಕಡೆ ಇದಕ್ಕಿಂತ ಹೆಚ್ಚು.

ಆನರ್ಸ್ (ಮಾಮೂಲಿಗಿಂತ ಕಠಿಣ ತರಗತಿ), ಎಪಿ (ಕಾಲೇಜು ಮಟ್ಟದ ತರಗತಿ) ಎಂದು ಕೇಳಿದ ಕೂಡಲೇ ಎಲ್ಲವೂ ಬೇಕು ಎನ್ನುವುದು ನಮ್ಮವರ ದೌರ್ಬಲ್ಯ. ಮೊದಲ ವರ್ಷಕ್ಕೆ ಒಂದೋ ಎರಡೋ ಆನರ್ಸ್ ಧಾರಾಳ ಸಾಕು. ಎಪಿ ಹ್ಯೂಮನ್ ಜಿಯಾಗ್ರಫಿಯನ್ನು ಅನೇಕ ಶಾಲೆಗಳು ಒಂಬತ್ತಕ್ಕೇ ಕೊಡುತ್ತವೆ. ಆದರೆ ಅದರಲ್ಲಿ ಓದುವುದೂ ಬರೆಯುವುದೂ ಬಹಳ, ಬಂದ ವರ್ಷವೇ ಬೇಡ.

ಗ್ರೇಡ್ ಹಾಳಾಗುವುದು ಕಠಿಣ ಪರೀಕ್ಷೆಯಿಂದಲ್ಲ, ಕೊಡದೆ ಬಿಟ್ಟ ಹೋಂವರ್ಕಿನಿಂದ. ಊರಲ್ಲಿ ಪರೀಕ್ಷೆ ಚೆನ್ನಾಗಿ ಬರೆದರೆ ಹೋಂವರ್ಕ್ ಮಾಡದ್ದನ್ನು ಯಾರೂ ನೆನಪಿಡುವುದಿಲ್ಲ. ಇಲ್ಲಿ ಪ್ರತಿಯೊಂದಕ್ಕೂ ಅಂಕ. ಐದು ಅಸೈನ್‌ಮೆಂಟಿನಲ್ಲಿ ತಲಾ 90 ಪಡೆದು ಆರನೆಯದನ್ನು ಕೊಡದಿದ್ದರೆ ಸರಾಸರಿ 75, ಎ ಇದ್ದದ್ದು ಸಿ ಆಯಿತು. ಆ ಆರನೆಯದಕ್ಕೆ ಅರ್ಧ ಮಾಡಿ 50 ಪಡೆದಿದ್ದರೂ 83 ದಾಟುತ್ತಿತ್ತು. ಕ್ಯಾನ್ವಾಸೋ ಪವರ್‌ಸ್ಕೂಲೋ, ಶಾಲೆಯ ಪೋರ್ಟಲನ್ನು ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೊಮ್ಮೆ ಮಗುವಿನ ಜೊತೆ ಕೂತು ನೋಡಿ, 'ಮಿಸ್ಸಿಂಗ್' ಎಂದು ಬಂದದ್ದನ್ನು ಅದೇ ವಾರ ಮುಗಿಸಲಿ.

ಇನ್ನೊಂದು ಅಪಾಯ ಬಜಾರ್ ಗೈಡಿನ ಅಭ್ಯಾಸ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಹಾಗೆಯೇ ಬರೆದರೆ ಊರಲ್ಲಿ ಪೂರ್ಣ ಅಂಕ. ಇಲ್ಲಿ ಬೇರೆಯವರ ವಾಕ್ಯವನ್ನು ಮೂಲ ಹೇಳದೆ ಬರೆದರೆ ಕಳವು. ಸೊನ್ನೆ ಬರುವುದರ ಜೊತೆ ಶಿಸ್ತಿನ ದಾಖಲೆಗೂ ಹತ್ತಬಹುದು. ಇದನ್ನು ಮಗುವಿಗೆ ಹೊರಡುವ ಮೊದಲೇ ಬಿಡಿಸಿ ಹೇಳಿ.

ಕನ್ನಡ ಬರೆಯುವುದನ್ನು ಬಿಡಿಸಬೇಡಿ. ಎರಡು ಭಾಷೆ ಬಲ್ಲವರಿಗೆ ಡಿಪ್ಲೊಮಾದ ಮೇಲೆ ಕೊಡುವ ಸೀಲ್ ಆಫ್ ಬೈಲಿಟರಸಿಗೆ ಸ್ಟ್ಯಾಂಪ್ ಎಂಬ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಕೆಲವು ಡಿಸ್ಟ್ರಿಕ್ಟುಗಳು ವಿದೇಶಿ ಭಾಷೆಯ ಕ್ರೆಡಿಟ್ಟನ್ನೂ ಕೊಡುತ್ತವೆ. ಮನೆಮಾತು ತುಳುವೋ ಕೊಂಕಣಿಯೋ ಆದವರೂ ಶಾಲೆಯಲ್ಲಿ ಕನ್ನಡ ಓದಿದ್ದರೆ ಇದನ್ನು ಬರೆಯಬಹುದು.

ಪಠ್ಯೇತರ ಚಟುವಟಿಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅನೇಕ ಕಾಲೇಜುಗಳಿಗೆ ಒಂದೇ ಆದ ಕಾಮನ್ ಆ್ಯಪ್ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಮಾತ್ರ ಜಾಗ. ಹದಿನೈದು ಕ್ಲಬ್ಬಿಗೆ ಹೆಸರು ಕೊಡುವುದಕ್ಕಿಂತ ಊರಲ್ಲಿ ಕಲಿಯುತ್ತಿದ್ದ ಯಕ್ಷಗಾನವನ್ನೋ ಭರತನಾಟ್ಯವನ್ನೋ ನಾಲ್ಕು ವರ್ಷ ಮುಂದುವರಿಸಿದ್ದು ತೂಕದ್ದು. ಊರಿನ ಜೂನಿಯರ್, ಸೀನಿಯರ್ ಪರೀಕ್ಷೆಯ ಸರ್ಟಿಫಿಕೇಟುಗಳನ್ನು ತನ್ನಿ. ಶಾಲೆಯ ಟೀಮಿನಲ್ಲಿ ಆಡುವ ಆಸೆ ಇದ್ದರೆ ಶರತ್ಕಾಲದ ಆಟಗಳ ಆಯ್ಕೆ ಸಾಮಾನ್ಯವಾಗಿ ಆಗಸ್ಟಿನಲ್ಲಿ, ಶಾಲೆ ಶುರುವಾಗುವ ಮೊದಲೇ ನಡೆಯುತ್ತದೆ. ಆಡಲು ಅಡ್ಡಿಯಿಲ್ಲ ಎಂಬ ಡಾಕ್ಟರ ಫಾರಂ ಮೊದಲೇ ಬೇಕು.

ವೀಸಾ

ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ಎಚ್-4ರಲ್ಲಿ ಬಂದ ಮಗು ಸಂಬಳದ ಕೆಲಸ ಮಾಡುವಂತಿಲ್ಲ, ಬೇಸಿಗೆಯಲ್ಲಿ ಅಂಗಡಿಯಲ್ಲಿ ನಿಲ್ಲುವುದೂ ಇಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕಾಲೇಜು ನೆರವು, ಅಂದರೆ ಫಾಫ್ಸಾ ಎಂಬ ಅರ್ಜಿಯ ಮೂಲಕ ಬರುವುದು, ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಆಗ ಕಾಲೇಜಿನ ನಡುವೆ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕು. ರಾಜ್ಯದ ನಿವಾಸಿಗಳ ಕಡಿಮೆ ಫೀಸು ಎಚ್-4 ಮಕ್ಕಳಿಗೆ ಸಿಗುತ್ತದೋ ಇಲ್ಲವೋ ಎಂಬುದು ರಾಜ್ಯಕ್ಕೊಂದು ರೀತಿ. ಕೆಲಸದ ಊರು ಆರಿಸುವ ಅವಕಾಶ ಇದ್ದರೆ ಇದನ್ನು ಒಂಬತ್ತರಲ್ಲೇ ನೋಡಿಕೊಳ್ಳುವುದು ಜಾಣತನ, ಹನ್ನೊಂದರಲ್ಲಿ ರಾಜ್ಯ ಬದಲಿಸಿದರೆ ಕಷ್ಟ.

ವಾಪಸು ಬರುವ ಸಾಧ್ಯತೆ ಇರುವವರು ಇನ್ನೂ ಒಂದು ನೆನಪಿಡಬೇಕು. ಇಲ್ಲಿ ಬಯಾಲಜಿಯನ್ನು ಒಂಬತ್ತರಲ್ಲಿ ಮುಗಿಸಿ ಬಿಟ್ಟುಬಿಡಬಹುದು, ಆದರೆ ನೀಟ್ ಬರೆಯುವ ಯೋಚನೆ ಇದ್ದರೆ 11, 12ರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಇರುವ ಹಾಗೆ ಈಗಲೇ ನಾಲ್ಕು ವರ್ಷದ ಪಟ್ಟಿ ಹಾಕಿಸಿ. ಸುರತ್ಕಲ್ಲಿನ ಎನ್‌ಐಟಿಕೆಗೆ ವಿದೇಶದಲ್ಲಿ ಓದಿದವರಿಗಿರುವ ಡಾಸಾ ಯೋಜನೆಯ ಮೂಲಕ ಬರುವವರಿಗೆ ಮೊದಲು ಎಸ್‌ಎಟಿ ಸಬ್ಜೆಕ್ಟ್ ಟೆಸ್ಟ್ ಸಾಕಿತ್ತು. ಆ ಪರೀಕ್ಷೆ 2021ರಲ್ಲಿ ನಿಂತಿತು, ಈಗ ಜೆಇಇ ಮೇನ್ ಬರೆಯಬೇಕು. ಟಿ.ಸಿ.ಯ ಮೂಲ ಪ್ರತಿಯನ್ನು ಇಲ್ಲಿಯ ಶಾಲೆಗೆ ಕೊಟ್ಟುಬಿಡಬೇಡಿ. ಅವರಿಗೆ ನಕಲು ಸಾಕು, ಊರಿನ ಶಾಲೆಗೆ ಮತ್ತೆ ಸೇರಬೇಕಾದರೆ ಕೇಳುವುದು ಮೂಲವನ್ನೇ.