ಹಿಮದ ಬೆಟ್ಟಕ್ಕೆ ಸ್ನೋಮೊಬೈಲ್: ಎಷ್ಟುದ್ದದ ಟ್ರ್ಯಾಕ್ ತಗೋಬೇಕು?

ಹೋದ ವಾರ ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅಕ್ಕನ ಮಗ ಮೊಬೈಲ್ ಮುಂದೆ ಹಿಡಿದ. ‘ಮಾಮ, ಡೆನ್ವರ್‌ಗೆ ಹೋದ್ಮೇಲೆ ಈ ಸ್ನೋಮೊಬೈಲ್ ತಗೋಬೇಕು ಅಂತಿದೀನಿ. 175 ಇಂಚು ಟ್ರ್ಯಾಕ್. ಇದಕ್ಕಿಂತ ಉದ್ದ ಇಲ್ವೇ ಇಲ್ಲ ಅಂತೆ.’ ಅವನ ತೂಕ 62 ಕಿಲೊ. ಹಿಮದ ಮೇಲೆ ಒಂದು ದಿನವೂ ಗಾಡಿ ಓಡಿಸಿದವನಲ್ಲ. ಬೇಡ ಅಂದೆ. ಯಾಕೆ ಬೇಡ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸಕ್ಕೆಂದು ಕೊಲರಾಡೊ, ವಾಷಿಂಗ್ಟನ್ ರಾಜ್ಯ, ಕೆನಡಾ ಕಡೆ ಹೋಗುವ ಬೆಂಗಳೂರಿನವರು ಕಮ್ಮಿ ಇಲ್ಲ. ಮೊದಲ ಚಳಿಗಾಲದಲ್ಲೇ ಗಾಡಿ ಕೊಳ್ಳುವ ಆಸೆ ಹುಟ್ಟುತ್ತದೆ. ಗುಲ್ಮರ್ಗ್‌ನಲ್ಲೋ ಸೋಲಂಗ್‌ನಲ್ಲೋ ಒಂದು ಸುತ್ತು ಹೋಗಿ ಬರುವವರಿಗೆ ಈ ಲೆಕ್ಕ ಬೇಕಿಲ್ಲ. ಸ್ವಂತ ಗಾಡಿ ಕೊಳ್ಳುವವರಿಗೆ ಬೇಕೇ ಬೇಕು.

ಮೊದಲು ಆ ಸಂಖ್ಯೆ ಏನು ಅಂತ ತಿಳಿಯಿರಿ

ಸ್ನೋಮೊಬೈಲ್‌ಗೆ ಮುಂದೆ ಎರಡು ಸ್ಕೀ, ಹಿಂದೆ ಒಂದು ಅಗಲವಾದ ರಬ್ಬರ್ ಪಟ್ಟಿ. ಆ ಪಟ್ಟಿಯೇ ಟ್ರ್ಯಾಕ್. 155 ಇಂಚು ಅಂದರೆ ನೆಲಕ್ಕೆ ತಾಗುವ ಉದ್ದ ಅಲ್ಲ. ಪಟ್ಟಿಯನ್ನು ಒಂದು ಕಡೆ ಕತ್ತರಿಸಿ ನೆಲದ ಮೇಲೆ ಹಾಸಿದರೆ ಎಷ್ಟುದ್ದ ಬರುತ್ತದೋ ಅಷ್ಟು. ಹಿಮಕ್ಕೆ ತಾಗುವುದು ಅದರ ಅರ್ಧಕ್ಕಿಂತ ಕಡಿಮೆ. ಇದನ್ನು ತಿಳಿಯದೆ ತುಂಬಾ ಜನ ತಪ್ಪು ಲೆಕ್ಕ ಹಾಕುತ್ತಾರೆ. 155ರಿಂದ 165ಕ್ಕೆ ಹೋದರೆ 10 ಇಂಚು ಜಾಸ್ತಿ ಅನಿಸುತ್ತದೆ, ಅಲ್ವಾ? ಪಟ್ಟಿ ಮೇಲೂ ಬೆಳೆಯುತ್ತದೆ, ಕೆಳಗೂ ಬೆಳೆಯುತ್ತದೆ. ಹಾಗಾಗಿ ನೆಲಕ್ಕೆ ಸಿಗುವುದು 5 ಇಂಚು ಮಾತ್ರ. 15 ಇಂಚು ಅಗಲದ ಟ್ರ್ಯಾಕ್ ಆದರೆ ಇದು 75 ಚದರ ಇಂಚು. ಒಂದು ಎ4 ಹಾಳೆಗಿಂತಲೂ ಚಿಕ್ಕ ಜಾಗ.

ಹಳೇ ಗಾಡಿ ನೋಡಲು ಹೋದರೆ ಮಾರುವವರ ಮಾತಿನ ಮೇಲೇ ಬಿಡಬೇಡಿ, ನೀವೇ ಎಣಿಸಿ. ಟ್ರ್ಯಾಕ್‌ನ ಒಳಮೈಯಲ್ಲಿ ಒಂದೇ ಅಂತರದಲ್ಲಿ ಸಾಲಾಗಿ ಹಲ್ಲುಗಳಿರುತ್ತವೆ. ಎರಡು ಹಲ್ಲಿನ ನಡುವಿನ ಅಂತರಕ್ಕೆ ಪಿಚ್ ಅನ್ನುತ್ತಾರೆ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಪಟ್ಟಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸುತ್ತಾ ಒಂದು ಸಾಲನ್ನು ಎಣಿಸಿ, ಪಿಚ್‌ನಿಂದ ಗುಣಿಸಿ. 2.86 ಇಂಚು ಪಿಚ್, 54 ಹಲ್ಲು ಅಂದರೆ 154.4. ಸ್ನೋಮೊಬೈಲ್ ಮಾಡುವ ಪೊಲಾರಿಸ್ ಕಂಪನಿಯವರು ಇದನ್ನೇ 155 ಅನ್ನುತ್ತಾರೆ. 3.5 ಇಂಚು ಪಿಚ್‌ಗೆ 50 ಹಲ್ಲು ಇದ್ದರೆ 175.

ಗದ್ದೆಯ ಕೇಜ್ ವೀಲ್ ನೆನಪಿಸಿಕೊಳ್ಳಿ

ಮಂಡ್ಯ ಕಡೆ ಕೆಸರು ಗದ್ದೆಗೆ ಇಳಿಸುವ ಟ್ರ್ಯಾಕ್ಟರಿಗೆ ಅಗಲವಾದ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಭಾರ ಹೆಚ್ಚು ಜಾಗಕ್ಕೆ ಹರಡಿದರೆ ಗಾಡಿ ಹೂತುಹೋಗುವುದಿಲ್ಲ. ಉದ್ದ ಟ್ರ್ಯಾಕ್ ಮಾಡುವುದೂ ಇದನ್ನೇ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಡಿ ತೇಲುತ್ತದೆ. ನೇರ ಏರಿನಲ್ಲಿ ಗುಂಡಿ ತೋಡಿಕೊಳ್ಳದೆ ಮೇಲೆ ಹತ್ತುತ್ತದೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಮೊದಲ ಚಳಿಗಾಲದಲ್ಲಿ. ಕೆಲಸದ ಮೇಲೆ ಐಡಾಹೊ ರಾಜ್ಯದ ಬೊಯ್ಸಿಯಲ್ಲಿದ್ದೆ. ಅಗ್ಗಕ್ಕೆ ಸಿಕ್ಕಿತು ಅಂತ 136 ಇಂಚಿನ ಹಳೇ ಗಾಡಿ ಕೊಂಡೆ. ಮೆಕಾಲ್ ಊರಿನ ಹತ್ತಿರ ಯಂತ್ರದಿಂದ ಒತ್ತಿ ಸಮ ಮಾಡಿದ ದಾರಿಯಲ್ಲಿ ಅದು ಬಾಣದ ಹಾಗೆ ಹೋಯಿತು. ದಾರಿ ಬಿಟ್ಟು ಬಯಲಿಗೆ ಇಳಿಸಿದೆ ನೋಡಿ, ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಿಂಭಾಗ ಪೂರ್ತಿ ಕುಸಿಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಹೋಯಿತು. 200 ಕಿಲೊ ಮೀರಿದ ಗಾಡಿಯನ್ನು ಸೊಂಟದ ಮಟ್ಟದ ಹಿಮದಿಂದ ಇಬ್ಬರು ಸೇರಿ ತೆಗೆಯುವಷ್ಟರಲ್ಲಿ ಕತ್ತಲಾಗಿತ್ತು. ಕೈಬೆರಳು ಮರಗಟ್ಟಿತ್ತು, ಭಯವೂ ಆಗಿತ್ತು.

121ರಿಂದ 137 ಇಂಚಿನವು ಒತ್ತಿದ ದಾರಿಗೆ. ಬೆಟ್ಟಕ್ಕೆ ಅಂದರೆ 146ರಿಂದ ಶುರು. ಅಲ್ಲಿಂದ ಮೇಲೆ 154 ಅಥವಾ 155, ಆಮೇಲೆ 163 ಅಥವಾ 165, ಕೊನೆಗೆ 174 ಅಥವಾ 175. ಕಂಪನಿ, ವರ್ಷ ನೋಡಿ ಒಂದೆರಡು ಇಂಚು ಆಚೀಚೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಎಲ್ಲರೂ 175 ತಗೊಂಡರೆ ಆಗಲ್ವಾ?

ಆಗುವುದಿಲ್ಲ. ಬಿಎಂಟಿಸಿಯ ಉದ್ದದ ವೆಸ್ಟಿಬ್ಯೂಲ್ ಬಸ್ಸು ಇಕ್ಕಟ್ಟಾದ ಕ್ರಾಸಿನಲ್ಲಿ ತಿರುಗುತ್ತಿದ್ದುದನ್ನು ನೋಡಿದವರಿಗೆ ಕಾರಣ ಗೊತ್ತಿರುತ್ತದೆ. ಉದ್ದ ಟ್ರ್ಯಾಕ್ ನೇರ ಹೋಗಲು ಬಯಸುತ್ತದೆ. ಮರಗಳ ನಡುವೆ ಪಕ್ಕಕ್ಕೆ ವಾಲಿಸಿ ತಟ್ಟನೆ ತಿರುಗಿಸಬೇಕಾದಾಗ ತೋಳು, ಸೊಂಟ ಎರಡನ್ನೂ ಹಾಕಿ ಎಳೆಯಬೇಕು. ಪಟ್ಟಿ ಉದ್ದವಾದಷ್ಟೂ ತೂಕ ಜಾಸ್ತಿ, ಅದನ್ನು ಸುತ್ತಿಸಲು ಎಂಜಿನ್ನಿಗೆ ಶ್ರಮವೂ ಜಾಸ್ತಿ. ಕಲಿಯುವವರಿಗೆ ಇನ್ನೊಂದು ತೊಂದರೆ ಇದೆ. ಉದ್ದದ ಗಾಡಿ ನಿಮ್ಮ ತಪ್ಪುಗಳನ್ನು ಮುಚ್ಚಿಹಾಕಿ, ವಾಪಸ್ ಬರಲು ಗೊತ್ತಿಲ್ಲದ ಜಾಗಕ್ಕೂ ನಿಮ್ಮನ್ನು ಹತ್ತಿಸಿಬಿಡುತ್ತದೆ.

ಹಾಗಾಗಿ ಟ್ರ್ಯಾಕ್ ಅಳೆಯುವ ಮೊದಲು ನಿಮ್ಮನ್ನು ಅಳೆಯಿರಿ. ಹೆಲ್ಮೆಟ್, ಬೂಟು, ಬ್ಯಾಗು, ಸಲಿಕೆ ಎಲ್ಲ ಹಾಕಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. 65 ಕಿಲೊ ಸುತ್ತಮುತ್ತ ಇರುವವರಿಗೆ, ಮರಗಳ ನಡುವೆ ಆಡಿಸುವ ಇಷ್ಟ ಇರುವವರಿಗೆ 146 ಕೂಡ ಸಾಕಾಗಬಹುದು. 100 ಕಿಲೊ ದಾಟಿದರೆ 163, 165ರ ಕಡೆ ನೋಡಿ. ಮೊದಲ ಗಾಡಿ, ಎಲ್ಲಿ ಓಡಿಸುತ್ತೇನೆ ಅಂತ ಇನ್ನೂ ಗೊತ್ತಿಲ್ಲ ಅನ್ನುವವರಿಗೆ ನಾನು ಹೇಳುವುದು 154, 155. ನಾನೀಗ 90 ಕಿಲೊ ಇದ್ದೇನೆ. ಐಡಾಹೊದಲ್ಲಿದ್ದ ಕೊನೆಯ ಎರಡು ಚಳಿಗಾಲ ಓಡಿಸಿದ್ದು 155. ನನಗೆ ಅದರಲ್ಲಿ ಕೊರತೆ ಕಾಣಲಿಲ್ಲ.

ಎಂಜಿನ್ ಮತ್ತು ಎತ್ತರ

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾಗುತ್ತದೆ, ಅದಕ್ಕೆ. ನಮ್ಮ ಬೆಂಗಳೂರೇ 3,000 ಅಡಿ ಮೇಲಿದೆ. ಕೊಲರಾಡೊದಲ್ಲಿ 10,000 ಅಡಿಯಲ್ಲಿ ಓಡಿಸುವುದು ಮಾಮೂಲು. 165 ಅಶ್ವಶಕ್ತಿಯ 850 ಸಿಸಿ ಎಂಜಿನ್ ಅಲ್ಲಿ 115ರ ಹತ್ತಿರಕ್ಕೆ ಇಳಿಯುತ್ತದೆ. 600, 650 ಸಿಸಿ ಗಾಡಿಗೆ 175 ಇಂಚು ಹಾಕಿದರೆ ಪಟ್ಟಿ ಬೇಕಾದ ವೇಗದಲ್ಲಿ ಸುತ್ತುವುದೇ ಕಷ್ಟ. ಸಣ್ಣ ಎಂಜಿನ್ನಿಗೆ 146ರಿಂದ 155, 850ಕ್ಕೆ 155ರಿಂದ 165. 175 ಬೇಕೇ ಬೇಕು ಅಂದರೆ ಟರ್ಬೊ ಇರುವುದು ಒಳ್ಳೆಯದು.

ಹಿಮವೂ ಒಂದೇ ಥರ ಇರುವುದಿಲ್ಲ. ಯೂಟಾ, ಕೊಲರಾಡೊದ ಹಿಮ ಒಣ ರವೆಯ ಹಾಗೆ ಹಗುರ. ಅದರಲ್ಲಿ ಗಾಡಿಗೆ ಊರಿಕೊಳ್ಳಲು ಏನೂ ಸಿಗುವುದಿಲ್ಲ, ಉದ್ದ ಬೇಕಾಗುತ್ತದೆ. ವಾಷಿಂಗ್ಟನ್‌ನ ಕ್ಯಾಸ್ಕೇಡ್ ಬೆಟ್ಟಗಳದ್ದು ಒದ್ದೆ, ಭಾರ. ಅಲ್ಲಿನವರು ಅದನ್ನು ಕಾಂಕ್ರೀಟ್ ಅಂತಲೇ ಕರೆಯುತ್ತಾರೆ.

ಹಲ್ಲಿನ ಎತ್ತರ ಮರೆಯಬೇಡಿ

ಪಟ್ಟಿಯ ಹೊರಮೈಯಲ್ಲಿ ಹಿಮವನ್ನು ತೋಡುವ ರಬ್ಬರ್ ಹಲ್ಲುಗಳಿಗೆ ಲಗ್ ಅಂತ ಹೆಸರು. ಒತ್ತಿದ ದಾರಿಯ ಗಾಡಿಗೆ ಸುಮಾರು 1.25 ಇಂಚು ಇದ್ದರೆ ಬೆಟ್ಟದ ಗಾಡಿಗೆ 2.5ರಿಂದ 3 ಇಂಚು. ನನ್ನ ಆ 136 ಹೂತುಹೋಗಲು ಉದ್ದ ಎಷ್ಟು ಕಾರಣವೋ ಗಿಡ್ಡ ಲಗ್ಗೂ ಅಷ್ಟೇ ಕಾರಣ. ಉದ್ದ ಸರಿ ಇದ್ದು ಲಗ್ ಸವೆದ ಗಾಡಿ ಕೊಂಡರೆ ಪ್ರಯೋಜನ ಇಲ್ಲ. ಹಾಗಂತ 3 ಇಂಚಿನ ಲಗ್ ಇರುವ ಗಾಡಿಯನ್ನು ಗಟ್ಟಿ ದಾರಿಯಲ್ಲಿ ಜೋರಾಗಿ ಓಡಿಸಬೇಡಿ. ಬಿಸಿಯಾಗಿ ಲಗ್ ಕಿತ್ತುಬರುತ್ತದೆ. ಪಟ್ಟಿ ಎರಚುವ ಹಿಮದಿಂದಲೇ ಎಂಜಿನ್ ನೀರು ತಣ್ಣಗಾಗುವುದು. ಗಟ್ಟಿ ದಾರಿಯಲ್ಲಿ ಪುಡಿ ಹಿಮ ಸಿಗದೆ ಅದೂ ಕಾಯುತ್ತದೆ.

ಈಗ ಚಿಕ್ಕದು ಕೊಂಡು ಮುಂದೆ ಉದ್ದ ಮಾಡಿಸುತ್ತೇನೆ ಅನ್ನುವ ಯೋಚನೆ ಬಿಡಿ. ಪಟ್ಟಿ ಒಂದನ್ನೇ ಬದಲಿಸಿದರೆ ಆಗುವುದಿಲ್ಲ. ಅದು ಜಾರುವ ಹಳಿಗಳು, ಅದರ ಮೇಲೆ ಮುಚ್ಚಿರುವ ಲೋಹದ ಕವಚ (ಟನೆಲ್), ಎಲ್ಲವನ್ನೂ ಉದ್ದ ಮಾಡಬೇಕು.

ಉದ್ದ ಟ್ರ್ಯಾಕ್ ನಿಮ್ಮನ್ನು ಕಡಿದಾದ ಜಾಗಕ್ಕೆ ಕರೆದೊಯ್ಯುತ್ತದೆ ಅಂದೆನಲ್ಲ, ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಗಾಡಿಯ ಬಜೆಟ್ ಹಾಕುವಾಗಲೇ ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕೊಡುವ ಸಾಧನ), ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಒಂದು ದಿನದ ತರಬೇತಿ, ಇಷ್ಟನ್ನೂ ಸೇರಿಸಿ. ಹಣ ಸಾಲದಿದ್ದರೆ ಹಳೇ ಗಾಡಿ ತಗೊಳ್ಳಿ, ಇವುಗಳನ್ನು ಬಿಡಬೇಡಿ. ಕಡಿದಾದ ಇಳಿಜಾರಿಗೆ ಒಬ್ಬೊಬ್ಬರೇ ಹೋಗಬೇಕು. ಮಿಕ್ಕವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು.

ದುಡ್ಡು ಕೊಡುವ ಮೊದಲು ಎರಡು ದಿನ ಬಾಡಿಗೆಗೆ ಓಡಿಸಿ. ಒಂದು ದಿನ 146, ಇನ್ನೊಂದು ದಿನ 165. ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಮೆಟ್ಟದ ಹಿಮ ಇರುವ ಸಮತಟ್ಟು ಬಯಲಿಗೆ ಹೋಗಿ. ಗಾಡಿಯನ್ನು ಪೂರ್ತಿ ನಿಲ್ಲಿಸಿ. ನಿಧಾನವಾಗಿ ಆಕ್ಸಿಲರೇಟರ್ ಒತ್ತಿ. ಹಿಂಭಾಗ ಕುಸಿಯುತ್ತದೋ, ಮೇಲೆದ್ದು ಹೊರಡುತ್ತದೋ ನೋಡಿ. ಆಮೇಲೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿಸಿ ಪೂರ್ತಿ ಸುತ್ತು ಹೊಡೆಯಿರಿ. ಇದನ್ನೇ ಬೆಳಿಗ್ಗೆ ಒಂದು ಸಲ, ತೋಳು ಸೋತ ಮೇಲೆ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ ಮಾಡಿ. ಮಧ್ಯಾಹ್ನವೂ ನಿಮ್ಮ ಮಾತು ಕೇಳುವ ಗಾಡಿಯ ಉದ್ದವನ್ನು ಬರೆದಿಟ್ಟುಕೊಳ್ಳಿ.