ಹಳೆಯ ಬೈಕಿನ ಪೆಟ್ರೋಲ್ ಕಾಕ್ ಬದಲಿಸುವ ಕ್ರಮ

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. 1950-60ರ ದಶಕದ ಬಿಎಸ್‌ಎ, ಟ್ರಯಂಫ್, ನಾರ್ಟನ್‌ಗಳಂಥ ಗಾಡಿಗಳ ಕಾಕಿನ, ಅಂದರೆ ಟ್ಯಾಂಕಿನ ಬುಡದಲ್ಲಿ ಪೆಟ್ರೋಲ್ ಬಿಡುವ-ತಡೆಯುವ ನಲ್ಲಿಯ, ಒಳಗಿನ ಕಾರ್ಕ್ ಮತ್ತು ರಬ್ಬರ್ ಇಂಥ ಪೆಟ್ರೋಲಿಗಾಗಿ ತಯಾರಾದವಲ್ಲ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಗಾಡಿ ಬಹಳ ದಿನ ನಿಂತು ಟ್ಯಾಂಕ್ ಒಣಗಿದರೆ ಕಾರ್ಕ್ ಕುಗ್ಗಿ ಸೋರಲು ತೊಡಗುತ್ತದೆ. ಎಥನಾಲ್ ತೇವವನ್ನು ಹೀರುವುದರಿಂದ, ಧಾರವಾಡದ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ನಿಂತ ಗಾಡಿಯಲ್ಲಿ ನೀರು ಕೆಳಗಿಳಿದು ಕಾಕಿನ ಬುಡದಲ್ಲೇ ತುಕ್ಕು ಹಿಡಿಸಬಹುದು. ಸಾಬೂನು ಮೆತ್ತಿ ಸೋರಿಕೆ ತಡೆಯುವುದು ದಾರಿಯಲ್ಲಿ ಸಿಕ್ಕಿಬಿದ್ದವರು ಮನೆ ಸೇರುವ ಉಪಾಯವೇ ಹೊರತು ರಿಪೇರಿಯಲ್ಲ.

ಹೊಸ ಕಾಕ್ ಕೊಳ್ಳುವ ಮೊದಲು ಥ್ರೆಡ್ ಅಳೆಯಬೇಕು. ಬ್ರಿಟಿಷ್ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಲಿಂಚು ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್) ಥ್ರೆಡ್ ಇರುತ್ತದೆ. ಈ ಹೆಸರು ಪೈಪಿನ ಒಳಅಳತೆಯಿಂದ ಬಂದಿರುವುದರಿಂದ, ವರ್ನಿಯರ್ ಹಿಡಿದರೆ ಹೊರವ್ಯಾಸ ಸುಮಾರು 13.2 ಮಿ.ಮೀ. ಬರುತ್ತದೆ, ಒಂದು ಇಂಚಿಗೆ 19 ಸುತ್ತುಗಳಿರುತ್ತವೆ. ಹತ್ತಿರದ ಅಳತೆಯ ಮೆಟ್ರಿಕ್ ಕಾಕನ್ನು ಒತ್ತಾಯದಿಂದ ತಿರುಗಿಸಿದರೆ ಟ್ಯಾಂಕಿಗೆ ಬೆಸೆದ ಬುಷ್‌ನ (ಕಾಕ್ ಕೂಡುವ ಲೋಹದ ಬಳೆಯ) ಥ್ರೆಡ್ ಹಾಳಾಗುತ್ತದೆ, ಮತ್ತು ಅದನ್ನು ಸರಿಪಡಿಸುವುದು ಕಾಕಿನ ಬೆಲೆಗಿಂತ ಬಹಳ ದೊಡ್ಡ ಖರ್ಚು. ಎರಡು ಕಾಕ್‌ಗಳಿರುವ ಗಾಡಿಯಲ್ಲಿ ಒಂದರ ಮೇಲೆ ಟ್ಯಾಂಕಿನೊಳಕ್ಕೆ ಚಾಚುವ ಉದ್ದ ಕೊಳವೆ ಇರುತ್ತದೆ, ಅದು ಮೇನ್. ಕೊಳವೆ ಇಲ್ಲದ್ದು ರಿಸರ್ವ್. ಒಂದೇ ಬಗೆಯ ಎರಡನ್ನು ತಂದು ಹಾಕಿದವರಿಗೆ ರಿಸರ್ವ್ ಎಂಬುದೇ ಉಳಿಯುವುದಿಲ್ಲ.

ಕೆಲಸವನ್ನು ಬಯಲಲ್ಲಿ, ಬೆಳಗಿನ ತಂಪು ಹೊತ್ತಿನಲ್ಲಿ ಮಾಡಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ದೇವರ ದೀಪವನ್ನೋ ಒಲೆಯನ್ನೋ ಮುಟ್ಟಬಲ್ಲದು. ಬ್ಯಾಟರಿಯ ತಂತಿ ಬಿಚ್ಚಿ, ಕಾಕ್ ಮುಚ್ಚಿ, ಪೈಪ್ ತೆಗೆದು, ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಇಳಿಸಿರಿ. ಚೌಕಟ್ಟಿನ ಎರಡೂ ಬದಿಗೆ ಇಳಿಬಿದ್ದ ಟ್ಯಾಂಕಾದರೆ ಒಂದು ಬದಿ ಖಾಲಿಯಾದರೂ ಇನ್ನೊಂದರಲ್ಲಿ ಪೆಟ್ರೋಲ್ ಉಳಿಯುತ್ತದೆ, ಎರಡನ್ನೂ ಇಳಿಸಬೇಕು.

ಹಳೆಯ ಕಾಕನ್ನು ಬಿಚ್ಚುವಾಗ ಷಟ್ಕೋನದ ಭಾಗಕ್ಕೆ ಸರಿಯಾಗಿ ಕೂಡುವ ಪಾನಾ ಹಾಕಬೇಕು; ಪ್ಲೈಯರ್‌ನಿಂದ ಹಿಡಿದರೆ ಹಿತ್ತಾಳೆ ಸವೆಯುತ್ತದೆ. ಬಿಚ್ಚಿದ ಮೇಲೆ ಬುಷ್‌ನ ಮುಖವನ್ನು ನೋಡುವುದು ಈ ಇಡೀ ಕೆಲಸದ ಜೀವಾಳವೆಂದು ನನ್ನ ಅಭಿಪ್ರಾಯ. ನೇರ ಬಿಎಸ್‌ಪಿ ಥ್ರೆಡ್ ತಾನಾಗಿ ಸೋರಿಕೆ ತಡೆಯುವುದಿಲ್ಲ. ಆ ಚಪ್ಪಟೆ ಮುಖದ ಮೇಲೆ ಕೂಡುವ ವಾಷರ್ ತಡೆಯುತ್ತದೆ. ಅಲ್ಲಿ ಹಳೆಯ ಫೈಬರ್ ವಾಷರಿನ ಚೂರು, ಬಣ್ಣದ ಪದರ ಅಥವಾ ತುಕ್ಕು ಉಳಿದಿದ್ದರೆ ಎಷ್ಟು ಬಿಗಿದರೂ ಹನಿ ನಿಲ್ಲದು, ಬಿಗಿಯುತ್ತ ಹೋದರೆ ಬುಷ್‌ನ ಬೆಸುಗೆಯೇ ಬಿರಿಯಬಹುದು. ರಂಧ್ರಕ್ಕೆ ಬಟ್ಟೆ ತುರುಕಿ ಮುಖವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಬಟ್ಟೆ ತೆಗೆದು, ಸ್ವಲ್ಪ ಶುದ್ಧ ಪೆಟ್ರೋಲಿನಿಂದ ಟ್ಯಾಂಕನ್ನು ತೊಳೆಯಿರಿ. ನಲ್ಲಿ ಕೆಲಸದವರ ಬಿಳಿ ಟೇಪನ್ನು ಥ್ರೆಡ್‌ಗೆ ಸುತ್ತುವುದು ಬೇಡ. ಅದರ ಎಳೆ ಕಾರ್ಬೊರೇಟರಿನ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ವಾಷರಿಗೆ ಡೌಟಿ ಸೀಲ್ ಉತ್ತಮ. ಅದು ಒಳಅಂಚಿಗೆ ರಬ್ಬರ್ ಬೆಸೆದ ಉಕ್ಕಿನ ಬಳೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಟ್ರ್ಯಾಕ್ಟರ್, ಜೆಸಿಬಿಗಳ ಹೈಡ್ರಾಲಿಕ್ ಪೈಪ್ ಮಾರುವ ಅಂಗಡಿಗಳಲ್ಲಿ ಕಾಲಿಂಚು ಬಿಎಸ್‌ಪಿ ಅಳತೆಯದನ್ನು ವಿಚಾರಿಸಿರಿ, ಎಥನಾಲಿಗೆ ಹೆಚ್ಚು ತಾಳುವ ವೈಟಾನ್ ರಬ್ಬರಿನದೇ ಬೇಕೆಂದು ಹೇಳಿರಿ.

ಕಾಕನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸಬೇಕು. ಬಿಗಿಯಾದಾಗ ಅದರ ಬಾಯಿ ಇಂಜಿನ್ ಕಡೆಗೋ ಹೊರಗೋ ನಿಂತರೆ, ಹಿಡಿಕೆ ಕೈಗೆ ಸಿಗುವ ದಿಕ್ಕಿಗೆ ಬರಿಸಲು ಜೋರು ಮಾಡಬಾರದು. ಬಿಚ್ಚಿ, ಸ್ವಲ್ಪ ಬೇರೆ ದಪ್ಪದ ವಾಷರ್ ಹಾಕಿ ನೋಡಬೇಕು. ಇಂಚಿಗೆ 19 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 1.3 ಮಿ.ಮೀ.; ಹಾಗಾಗಿ ವಾಷರಿನ ದಪ್ಪದಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗ ವ್ಯತ್ಯಾಸವಾದರೆ ಕಾಕ್ ಸುಮಾರು ಕಾಲು ಸುತ್ತು ಸರಿಯುತ್ತದೆ. ದಿಕ್ಕು ಸಿಕ್ಕ ಮೇಲೆ ಪಾನಾದಿಂದ ಹದವಾಗಿ ಬಿಗಿದರೆ ಸಾಕು.

ಅರ್ಧ ಲೀಟರ್ ಹಾಕಿ, ಕಾಕ್ ಮುಚ್ಚಿ, ಕೆಳಗೆ ಒಣ ಕಾಗದ ಹಾಸಿ ಕೆಲವು ತಾಸು ಬಿಡಿರಿ. ಪೆಟ್ರೋಲ್ ಬೇಗ ಆರುವುದರಿಂದ ಕಲೆಯನ್ನಷ್ಟೇ ನಂಬದೆ ಬುಷ್‌ನ ಸುತ್ತ ಬೆರಳಾಡಿಸಿ ವಾಸನೆಯನ್ನೂ ನೋಡಬೇಕು. ಬಳಿಕ ಇನ್ನಷ್ಟು ಪೆಟ್ರೋಲ್ ತುಂಬಿಸಿ, ಕಾಕ್ ತೆರೆದು ಡಬ್ಬಿಗೆ ಹರಿಯಬಿಡಿರಿ. ಆರಂಭದಲ್ಲಿ ಚೆನ್ನಾಗಿ ಹರಿದು ಕ್ರಮೇಣ ಸೊರಗಿದರೆ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ. ಹೊಸ ಕಾಕಿನ ಮೇಲೆ ದೋಷ ಹೊರಿಸಬೇಡಿರಿ. ಮೇನ್‌ನಲ್ಲಿ ಹರಿವು ನಿಂತ ಮೇಲೆ ರಿಸರ್ವ್ ತೆರೆದು, ಬಂದ ಪೆಟ್ರೋಲನ್ನು ಅಳೆದು ಬರೆದಿಟ್ಟುಕೊಳ್ಳಿರಿ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿ.ಮೀ.; ನಿಮ್ಮ ರಿಸರ್ವ್ ಆ ದೂರಕ್ಕೆ ಸಾಲುತ್ತದೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ.

ಮೊದಲ ಸವಾರಿಯ ನಂತರ ಇಂಜಿನ್ ಪೂರ್ತಿ ಆರಿದ ಮೇಲೆ ಕಾಕಿನ ಬುಡ ಮತ್ತು ಪೈಪಿನ ಕ್ಲಾಂಪ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿರಿ. ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚಿರಿ, ಏಕೆಂದರೆ ಈ ಗಾಡಿಗಳ ಹಳೆಯ ಅಮಲ್ ಕಂಪನಿಯ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿ ಸವೆದಿದ್ದರೆ ತೆರೆದ ಕಾಕಿನಿಂದ ಇಳಿದ ಪೆಟ್ರೋಲ್ ಇಂಜಿನ್ನಿಗೆ ಸೇರಿ ಆಯಿಲನ್ನು ತೆಳುವಾಗಿಸುತ್ತದೆ.